ಐಸಿಯುನಲ್ಲಿರುವ ರೋಗಿಯ ಶುಗರ್: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯು ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತವರು ವೆಂಟಿಲೇಟರ್ ಬಗ್ಗೆ ಕೇಳಲು ಅಂಜುತ್ತಾರೆ. ಶುಗರ್ ಬಗ್ಗೆ ಮಾತ್ರ ಧೈರ್ಯವಾಗಿ ಕೇಳುತ್ತಾರೆ. ಆ ಒಂದು ಸಂಖ್ಯೆ ಅವರಿಗೆ ಪರಿಚಿತ. ಮನೆಯಲ್ಲಿ ಯಾರಾದರೊಬ್ಬರು ಗ್ಲುಕೋಮೀಟರ್ ಇಟ್ಟುಕೊಂಡೇ ಇರುತ್ತಾರೆ. ಎಷ್ಟಿದ್ದರೆ ಒಳ್ಳೆಯದು, ಎಷ್ಟಾದರೆ ಬೈಗುಳ ಎಂಬುದೂ ಗೊತ್ತಿರುತ್ತದೆ. ಆದರೆ ಮನೆಯಲ್ಲಿ ಕಲಿತ ಆ ಲೆಕ್ಕವನ್ನು ಐಸಿಯುವಿನ ಹಾಸಿಗೆಗೆ ತಂದರೆ ತಪ್ಪಾಗುತ್ತದೆ. ಅನಗತ್ಯ ಭಯ, ಅನಗತ್ಯ ಸಮಾಧಾನ ಎರಡೂ ಅಲ್ಲಿಂದಲೇ ಹುಟ್ಟುತ್ತವೆ. ಐಸಿಯು ವೈದ್ಯನಾಗಿ ನಾನು ದಿನವೂ ಎದುರಿಸುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಶುಗರಿನ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿರುವ ಗ್ಲುಕೋಸ್‌ನ ಮಿಲಿಗ್ರಾಂ ಲೆಕ್ಕ.

ನಮ್ಮ ತಂದೆಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ 260 ಎನ್ನುತ್ತಿದ್ದೀರಿ. ನೀವು ಕೊಟ್ಟ ಔಷಧಿಯಿಂದ ಬಂತೇ?

ಈ ಪ್ರಶ್ನೆಯ ಹಿಂದಿನ ಸಿಟ್ಟು ನನಗೆ ಅರ್ಥವಾಗುತ್ತದೆ. ನ್ಯುಮೋನಿಯಾಕ್ಕೆಂದು ಕರೆತಂದವರಿಗೆ ಎರಡನೇ ದಿನ ಇನ್ಸುಲಿನ್ ಹಚ್ಚಿದರೆ ಯಾರಿಗಾದರೂ ಹೀಗೇ ಅನ್ನಿಸುತ್ತದೆ.

ದೇಹ ದೊಡ್ಡ ಆಪತ್ತಿಗೆ ಸಿಕ್ಕಿದಾಗ, ಅಂದರೆ ರಕ್ತಕ್ಕೆ ಸೋಂಕು ಹರಡಿದಾಗ, ದೊಡ್ಡ ಅಪಘಾತವಾದಾಗ, ಹೃದಯಾಘಾತವಾದಾಗ, ಅಡ್ರಿನಲಿನ್, ಕಾರ್ಟಿಸಾಲ್, ಗ್ಲುಕಗಾನ್ ಎಂಬ ಹಾರ್ಮೋನುಗಳು ಒಟ್ಟಿಗೆ ಏರುತ್ತವೆ. ಇವು ಪಿತ್ತಜನಕಾಂಗಕ್ಕೆ 'ಇದ್ದ ಸಕ್ಕರೆಯನ್ನೆಲ್ಲ ಹೊರಗೆ ಹಾಕು, ಇಲ್ಲದಿದ್ದರೆ ತಯಾರಿಸು' ಎಂದು ಆಜ್ಞೆ ಕೊಟ್ಟ ಹಾಗೆ. ಪಿತ್ತಜನಕಾಂಗ ಸ್ನಾಯುವನ್ನು ಕರಗಿಸಿ ಬಂದ ಅಮೈನೋ ಆಮ್ಲದಿಂದಲೂ ಗ್ಲುಕೋಸ್ ಮಾಡುತ್ತದೆ. ಅದೇ ಹೊತ್ತಿಗೆ ಉರಿಯೂತದ ರಾಸಾಯನಿಕಗಳು ಇನ್ಸುಲಿನ್‌ನ ಮಾತನ್ನು ಜೀವಕೋಶಗಳು ಕೇಳದಂತೆ ಮಾಡುತ್ತವೆ. ಉತ್ಪತ್ತಿ ಹೆಚ್ಚಾಯಿತು, ಬಳಕೆ ಕಡಿಮೆಯಾಯಿತು. ರಕ್ತದಲ್ಲಿ ಸಕ್ಕರೆ ನಿಂತುಬಿಟ್ಟಿತು. ಇದಕ್ಕೆ ಒತ್ತಡದ ಅಧಿಕ ಸಕ್ಕರೆ ಎನ್ನುತ್ತೇವೆ.

ನಿಮ್ಮ ಅನುಮಾನದಲ್ಲಿ ಸ್ವಲ್ಪ ಸತ್ಯವೂ ಇದೆ. ರಕ್ತದೊತ್ತಡ ಎತ್ತಲು ಕೊಡುವ ಅಡ್ರಿನಲಿನ್, ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್‌ಗೆ ಕೊಡುವ ಹೈಡ್ರೋಕಾರ್ಟಿಸೋನ್, ಕೋವಿಡ್‌ನಲ್ಲಿ ಕೊಟ್ಟ ಡೆಕ್ಸಾಮೆಥಸೋನ್, ಕೆಲವು ಆಂಟಿಬಯೋಟಿಕ್‌ಗಳನ್ನು ಬೆರೆಸುವ ಡೆಕ್ಸ್‌ಟ್ರೋಸ್ (ಗ್ಲುಕೋಸ್) ದ್ರಾವಣ, ಇವೆಲ್ಲ ಶುಗರ್ ಏರಿಸುತ್ತವೆ. ಆದರೂ ಕೊಡಲೇಬೇಕಾಗುತ್ತದೆ, ಏಕೆಂದರೆ ಅವು ಹಿಡಿದಿರುವುದು ಪ್ರಾಣವನ್ನು.

ಹಾಗಾದರೆ ಇದು ನಿಜವಾದ ಸಕ್ಕರೆ ಕಾಯಿಲೆಯೋ ಅಲ್ಲವೋ ತಿಳಿಯುವುದು ಹೇಗೆ?

ಎಚ್‌ಬಿಎ1ಸಿ ಪರೀಕ್ಷೆಯಿಂದ. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಅದು ತೋರಿಸುತ್ತದೆ. ಶೇಕಡ 6.5 ಅಥವಾ ಹೆಚ್ಚು ಬಂದರೆ ಕಾಯಿಲೆ ಮೊದಲೇ ಇತ್ತು, ನಿಮಗೆ ಗೊತ್ತಿರಲಿಲ್ಲ ಅಷ್ಟೇ. ನಮ್ಮಲ್ಲಿ ಐಸಿಯುಗೆ ಬಂದಾಗಲೇ ಮೊದಲ ಬಾರಿ ಸಕ್ಕರೆ ಕಾಯಿಲೆ ಗೊತ್ತಾಗುವವರು ಅಪರೂಪವೇನಲ್ಲ. ಒಂದು ಎಚ್ಚರ: ರಕ್ತ ಏರಿಸಿದ ಮೇಲೆ ಮಾಡಿದ ಎಚ್‌ಬಿಎ1ಸಿ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಅದು ಭಾಗಶಃ ದಾನಿಯ ಕಥೆ ಹೇಳುತ್ತದೆ. ರಕ್ತಸ್ರಾವ, ತೀವ್ರ ರಕ್ತಹೀನತೆ ಇದ್ದರೂ ಅದು ದಾರಿ ತಪ್ಪಿಸಬಹುದು.

ಐಸಿಯುನಲ್ಲಿ ಶುಗರ್ ಎಷ್ಟಿರಬೇಕು?

ಹೆಚ್ಚಿನ ರೋಗಿಗಳಿಗೆ 140ರಿಂದ 180. ಸತತವಾಗಿ 180 ದಾಟಿದರೆ ಇನ್ಸುಲಿನ್ ಶುರು ಮಾಡುತ್ತೇವೆ. ಒಂದೇ ಒಂದು ರೀಡಿಂಗ್ ನೋಡಿ ಹಾರಿ ಬೀಳುವುದಿಲ್ಲ. ಅಮೆರಿಕದ ಡಯಾಬಿಟಿಸ್ ಸಂಘದ ಸಲಹೆ ಇದೇ. ಸೆಪ್ಸಿಸ್ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) ಚಿಕಿತ್ಸೆಯ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ 144ರಿಂದ 180 ಎನ್ನುತ್ತದೆ, ಅಂದರೆ ಹೆಚ್ಚು ಕಡಿಮೆ ಅದೇ.

ಮನೆಯಲ್ಲಿ 110 ಇದ್ದರೆ ಭೇಷ್ ಎನ್ನುತ್ತೀರಿ. ಇಲ್ಲಿ 170ಕ್ಕೆ ಬಿಟ್ಟು ಕುಳಿತಿದ್ದೀರಲ್ಲ?

ಬಿಟ್ಟು ಕುಳಿತಿಲ್ಲ, 170ರಲ್ಲಿ ಹಿಡಿದು ನಿಲ್ಲಿಸಿದ್ದೇವೆ. ಏಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

2001ರಲ್ಲಿ ಬೆಲ್ಜಿಯಂನ ಲ್ಯೂವೆನ್ ನಗರದಿಂದ ಗ್ರೀತ್ ವಾನ್ ಡೆನ್ ಬೆರ್ಘೆ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಐಸಿಯುನ 1548 ರೋಗಿಗಳು. ಒಂದು ಗುಂಪಿನಲ್ಲಿ ಶುಗರನ್ನು 80ರಿಂದ 110ರ ನಡುವೆ ಬಿಗಿಯಾಗಿ ಹಿಡಿದರು. ಇನ್ನೊಂದರಲ್ಲಿ 215 ದಾಟಿದ ಮೇಲಷ್ಟೇ ಇನ್ಸುಲಿನ್ ಕೊಟ್ಟರು. ಐಸಿಯುನಲ್ಲಿ ಸಾವಿನ ಪ್ರಮಾಣ ನೂರಕ್ಕೆ 8ರಿಂದ 4.6ಕ್ಕೆ ಇಳಿಯಿತು. ಅಗ್ಗದ, ಎಲ್ಲೆಡೆ ಸಿಗುವ ಒಂದು ಔಷಧಿಯಿಂದ ಇಷ್ಟು ಲಾಭ! ಜಗತ್ತಿನ ಐಸಿಯುಗಳೆಲ್ಲ ಬಿಗಿ ಹಿಡಿತದತ್ತ ವಾಲಿದವು.

ಆಮೇಲೆ ಬಿರುಕು ಕಾಣಿಸತೊಡಗಿತು. ಅದೇ ತಂಡ 2006ರಲ್ಲಿ ವೈದ್ಯಕೀಯ ಐಸಿಯುನ, ಅಂದರೆ ಶಸ್ತ್ರಚಿಕಿತ್ಸೆಗಲ್ಲದೆ ಬೇರೆ ಕಾಯಿಲೆಗೆ ದಾಖಲಾದ, 1200 ರೋಗಿಗಳಲ್ಲಿ ನೋಡಿದಾಗ ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ಜರ್ಮನಿಯಲ್ಲಿ ಸೆಪ್ಸಿಸ್ ರೋಗಿಗಳ ಮೇಲೆ ನಡೆದ ವೈಸೆಪ್ ಅಧ್ಯಯನದ ಇನ್ಸುಲಿನ್ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬಿಗಿ ಗುಂಪಿನಲ್ಲಿ ನೂರಕ್ಕೆ 17 ಜನರ ಶುಗರ್ ಅಪಾಯದ ಮಟ್ಟಕ್ಕೆ ಕುಸಿದಿತ್ತು, ಇನ್ನೊಂದರಲ್ಲಿ 4.1.

ಕೊನೆಗೆ 2009ರಲ್ಲಿ ನೈಸ್-ಶುಗರ್ ಎಂಬ ಅಧ್ಯಯನ ಬಂತು. ಹೆಚ್ಚಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಕೆನಡಾದ ಆಸ್ಪತ್ರೆಗಳು, 6104 ರೋಗಿಗಳು. ಒಂದು ಗುಂಪಿಗೆ 81ರಿಂದ 108, ಇನ್ನೊಂದಕ್ಕೆ 180ರ ಒಳಗೆ. 90 ದಿನಗಳಾದ ಮೇಲೆ ಎಣಿಸಿದಾಗ ಬಿಗಿ ಗುಂಪಿನಲ್ಲಿ 829 ಜನ ತೀರಿಕೊಂಡಿದ್ದರು, ಸಡಿಲ ಗುಂಪಿನಲ್ಲಿ 751. ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ ಗಾತ್ರದವು. 40 ಅಥವಾ ಅದಕ್ಕಿಂತ ಕೆಳಗಿಳಿದವರು ಬಿಗಿ ಗುಂಪಿನಲ್ಲಿ ನೂರಕ್ಕೆ 6.8, ಇನ್ನೊಂದರಲ್ಲಿ 0.5. ನಿಮ್ಮ ತಂದೆಯ ಚಾರ್ಟಿನ 170ರ ಹಿಂದೆ ಆ 78 ಹೆಚ್ಚುವರಿ ಸಾವುಗಳ ಪಾಠವಿದೆ. ಆ ಸಂಖ್ಯೆಯನ್ನು ಬರೆಯುವಾಗಲೆಲ್ಲ ನನಗೆ ಅವು ನೆನಪಾಗುತ್ತವೆ.

ಲ್ಯೂವೆನ್‌ನ ಮೊದಲ ಫಲಿತಾಂಶ ಸುಳ್ಳಾಗಿತ್ತೇ? ಅಲ್ಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ಹೃದಯ ಶಸ್ತ್ರಚಿಕಿತ್ಸೆ ಆದವರು. ಅವರಿಗೆ ಮೊದಲ ದಿನದಿಂದಲೇ ರಕ್ತನಾಳದ ಮೂಲಕ ಧಾರಾಳವಾಗಿ ಗ್ಲುಕೋಸ್ ಕೊಡುತ್ತಿದ್ದರು. ಹಾಗೆ ಸುರಿದ ಸಕ್ಕರೆಯನ್ನು ಹಿಡಿಯಲು ಇನ್ಸುಲಿನ್ ನೆರವಾಗಿದ್ದರೆ ಆಶ್ಚರ್ಯವಿಲ್ಲ. ಅದೇ ಬೆಲ್ಜಿಯಂ ಬಳಗವೇ 2023ರಲ್ಲಿ, ಆರಂಭದ ದಿನಗಳಲ್ಲಿ ರಕ್ತನಾಳದ ಪೋಷಣೆ ಕೊಡದ 9230 ರೋಗಿಗಳಲ್ಲಿ ಬಿಗಿ ಹಿಡಿತವನ್ನು ಮತ್ತೆ ಪರೀಕ್ಷಿಸಿತು. ಐಸಿಯು ವಾಸದ ಅವಧಿಯಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ತಮ್ಮದೇ ಪ್ರಸಿದ್ಧ ತೀರ್ಮಾನವನ್ನು ತಾವೇ ಮರಳಿ ತೂಗಿ ನೋಡಿದ ಆ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಶುಗರ್ ಕಡಿಮೆಯಾದರೆ ಸ್ವಲ್ಪ ಗ್ಲುಕೋಸ್ ಕೊಟ್ಟರೆ ಆಯಿತಲ್ಲ? ಅಷ್ಟು ಭಯವೇಕೆ?

ಮನೆಯಲ್ಲಿ ಶುಗರ್ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಹಸಿವಾಗುತ್ತದೆ. 'ಏನೋ ಆಗುತ್ತಿದೆ' ಎಂದು ಅಡುಗೆಮನೆಗೆ ಹೋಗಿ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತೀರಿ. ವೆಂಟಿಲೇಟರ್ ಮೇಲೆ ಮಂಪರಿನ ಔಷಧಿಯಲ್ಲಿ ಮಲಗಿದವರು ಏನನ್ನೂ ಹೇಳಲಾರರು. ಎದೆಬಡಿತ ಹೆಚ್ಚಿದರೆ ಅದು ಜ್ವರದ್ದೋ ನೋವಿನದ್ದೋ ಶುಗರಿನದ್ದೋ ತಿಳಿಯುವುದಿಲ್ಲ. ಮಿದುಳು ಮಾತ್ರ ಪ್ರತಿ ನಿಮಿಷ ಗ್ಲುಕೋಸ್ ಬೇಡುತ್ತಲೇ ಇರುತ್ತದೆ. ಕೂಡಿಟ್ಟುಕೊಳ್ಳುವ ಉಗ್ರಾಣ ಅದಕ್ಕಿಲ್ಲ.

ನನ್ನ ತರಬೇತಿಯ ದಿನಗಳ ಒಂದು ರಾತ್ರಿ. ಕಿಡ್ನಿ ಕೆಟ್ಟಿದ್ದ ಮಧ್ಯವಯಸ್ಕ ರೋಗಿ, ಮೂಗಿನ ನಳಿಕೆಯಲ್ಲಿ ಆಹಾರ, ಪಂಪಿನಲ್ಲಿ ಗಂಟೆಗೆ 3 ಯೂನಿಟ್ ಇನ್ಸುಲಿನ್. ಸ್ಕ್ಯಾನ್‌ಗೆ ಕರೆದೊಯ್ಯಬೇಕೆಂದು ನಳಿಕೆಯ ಆಹಾರವನ್ನು ನಿಲ್ಲಿಸಿದೆವು. ಇನ್ಸುಲಿನ್ ಪಂಪನ್ನು ನಿಲ್ಲಿಸಲಿಲ್ಲ. ಸ್ಕ್ಯಾನ್ ಕೋಣೆಯ ಮುಂದೆ ಸರದಿ ಇತ್ತು. ಮರಳುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಹಾಸಿಗೆಗೆ ಬದಲಿಸುವಾಗ ಅವರ ಹಣೆ ನನ್ನ ಕೈಗೆ ತಣ್ಣಗೆ, ಒದ್ದೆಯಾಗಿ ತಾಗಿತು. ಮೀಟರ್ 34 ತೋರಿಸಿತು. ಶೇಕಡ 25ರ ಡೆಕ್ಸ್‌ಟ್ರೋಸ್ 100 ಮಿಲಿಲೀಟರ್, ಅಂದರೆ 25 ಗ್ರಾಂ ಗ್ಲುಕೋಸ್, ಕೊಟ್ಟೆವು. ಹತ್ತು ನಿಮಿಷದ ನಂತರ 118. ಅವರು ಬದುಕಿ ಮನೆಗೆ ಹೋದರು. ಅಂದು ಮರೆತವರಲ್ಲಿ ನಾನೂ ಒಬ್ಬ. ಇಂದಿಗೂ ನಳಿಕೆಯ ಆಹಾರ ನಿಲ್ಲಿಸುವ ಕೈಯೇ ಇನ್ಸುಲಿನ್ ಪಂಪನ್ನೂ ಮುಟ್ಟಬೇಕೆಂದು ಕಿರಿಯರಿಗೆ ಹೇಳುತ್ತೇನೆ. ಸ್ವಂತ ಇನ್ಸುಲಿನ್ ಇಲ್ಲದ ಟೈಪ್ 1 ಸಕ್ಕರೆ ಕಾಯಿಲೆಯ ರೋಗಿಗಳಲ್ಲಿ ಮಾತ್ರ ಇನ್ಸುಲಿನನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಆಹಾರದ ಬದಲಿಗೆ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ ಮುಂದುವರಿಸಬೇಕು.

70ಕ್ಕಿಂತ ಕೆಳಗೆ ಬಂದರೆ ನಾವು ತಕ್ಷಣ ಎಚ್ಚೆತ್ತುಕೊಳ್ಳುತ್ತೇವೆ, 54ರ ಕೆಳಗೆ ಗಂಭೀರ, 40ರ ಕೆಳಗೆ ಅತಿ ಗಂಭೀರ. ಕಿಡ್ನಿ ಅಥವಾ ಪಿತ್ತಜನಕಾಂಗ ಕೆಟ್ಟವರು, ಸೆಪ್ಸಿಸ್ ಇರುವವರು, ಡಯಾಲಿಸಿಸ್‌ನಲ್ಲಿರುವವರು ಈ ಕುಸಿತಕ್ಕೆ ಬೇಗ ಸಿಗುತ್ತಾರೆ.

ಹಾಗಿದ್ದರೆ ಹೆಚ್ಚೇ ಇರಲಿ ಎಂದು ಬಿಟ್ಟುಬಿಡಬಹುದೇ?

ಬೇಡ. 180ರ ಆಸುಪಾಸು ದಾಟಿದರೆ ಮೂತ್ರಪಿಂಡ ಸಕ್ಕರೆಯನ್ನು ಹೊರಗೆ ಬಿಡುತ್ತದೆ, ಅದರ ಬೆನ್ನಿಗೆ ನೀರೂ ಲವಣಗಳೂ ಹೋಗುತ್ತವೆ. ಮೊದಲೇ ರಕ್ತದೊತ್ತಡ ಕುಸಿದವರಿಗೆ ಇದು ಇನ್ನೊಂದು ಪೆಟ್ಟು. ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಮಂದವಾಗುತ್ತವೆ, ಗಾಯ ಮಾಯುವುದು ನಿಧಾನವಾಗುತ್ತದೆ.

2021ರ ಎರಡನೇ ಅಲೆಯನ್ನು ನಾವು ಯಾರೂ ಮರೆತಿಲ್ಲ. ಕೋವಿಡ್, ಅದಕ್ಕೆ ಕೊಟ್ಟ ಸ್ಟೀರಾಯ್ಡ್, ಹಿಡಿತ ತಪ್ಪಿದ ಶುಗರ್, ಈ ಮೂರೂ ಸೇರಿದ ಕಡೆ ಮ್ಯೂಕರ್ ಎಂಬ ಕಪ್ಪು ಶಿಲೀಂಧ್ರ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹತ್ತಿತು. ಜೀವ ಉಳಿಸಲು ಕಣ್ಣು ತೆಗೆಯಬೇಕಾಗಿ ಬಂದ ಮನೆಗಳು ಕರ್ನಾಟಕದಲ್ಲೂ ಇವೆ. 300, 400ನ್ನು ದಿನಗಟ್ಟಲೆ ಬಿಡುವುದು ಎಂದರೆ ಏನೆಂದು ಆ ಬೇಸಿಗೆ ತೋರಿಸಿಕೊಟ್ಟಿತು.

ಮೊದಲಿಂದಲೂ ಅವರ ಶುಗರ್ 250ರಿಂದ 300 ಇರುತ್ತಿತ್ತು. ಅವರಿಗೂ ಇದೇ ಗುರಿಯೇ?

ಒಳ್ಳೆಯ ಪ್ರಶ್ನೆ, ಮನೆಯವರು ಈ ಮಾಹಿತಿಯನ್ನು ತಾವಾಗಿಯೇ ಹೇಳಬೇಕು. ವರ್ಷಗಟ್ಟಲೆ ಎತ್ತರದ ಶುಗರಿಗೆ ಒಗ್ಗಿದ ದೇಹಕ್ಕೆ 100 ಕೂಡ 'ಕಡಿಮೆ' ಅನ್ನಿಸಬಹುದು. ಅಂಥವರಲ್ಲಿ ಸ್ವಲ್ಪ ಮೇಲಿನ ಮಟ್ಟವನ್ನು ಒಪ್ಪಿಕೊಳ್ಳುವ ವೈದ್ಯರಿದ್ದಾರೆ. ಎಲ್ಲರಿಗೂ ಅನ್ವಯಿಸುವ ಅಂತಿಮ ಉತ್ತರ ಇನ್ನೂ ಬಂದಿಲ್ಲ. ನನ್ನ ಮಟ್ಟಿಗೆ, ಎಚ್‌ಬಿಎ1ಸಿ 10 ದಾಟಿದವರನ್ನು ಅವಸರದಿಂದ ಕೆಳಗೆ ಎಳೆಯುವುದಿಲ್ಲ.

ಮಾತ್ರೆಗಳನ್ನೆಲ್ಲ ಏಕೆ ನಿಲ್ಲಿಸಿದಿರಿ?

ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ಆದರೆ ಕಿಡ್ನಿ ಸೋತಾಗ, ಆಮ್ಲಜನಕ ಕಡಿಮೆಯಾದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುವ ಅಪಾಯವಿದೆ. ಗ್ಲಿಮೆಪಿರೈಡ್‌ನಂಥವು ಕಿಡ್ನಿ ಕೆಟ್ಟಾಗ ದೇಹದಲ್ಲಿ ಉಳಿದು ಶುಗರನ್ನು ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನವೂ, ಇಳಿಸುತ್ತಲೇ ಇರುತ್ತವೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯದೆಂದು ಈಗ ಬಹಳ ಜನರಿಗೆ ಕೊಡುತ್ತಾರೆ, ಸರಿಯಾಗಿಯೇ ಕೊಡುತ್ತಾರೆ. ಆದರೆ ಊಟ ಬಿಟ್ಟು ಕಾಯಿಲೆ ಬಿದ್ದಾಗ ಇವು ಕೀಟೋಆಮ್ಲತೆಯನ್ನು ತರಬಹುದು, ಅದೂ ಶುಗರ್ ಅಷ್ಟೇನೂ ಏರದೆ. ಮೀಟರ್ 190 ತೋರಿಸುತ್ತದೆ, ಒಳಗೆ ರಕ್ತ ಆಮ್ಲವಾಗುತ್ತಿರುತ್ತದೆ. ಆದ್ದರಿಂದ ಆಸ್ಪತ್ರೆಗೆ ಬರುವಾಗ ಮಾತ್ರೆಯ ಹಾಳೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ. 'ಬಿಳಿ ಮಾತ್ರೆ, ಬೆಳಿಗ್ಗೆ ಒಂದು' ಎಂದರೆ ನಮಗೆ ಏನೂ ತಿಳಿಯುವುದಿಲ್ಲ.

ಒಮ್ಮೆ ಇನ್ಸುಲಿನ್ ಶುರುವಾದರೆ ಜೀವನಪೂರ್ತಿ ಬೇಕಂತೆ, ಹೌದೇ?

ಇಲ್ಲ. ಕಾಯಿಲೆ ತಗ್ಗಿದಂತೆ ಇನ್ಸುಲಿನ್ ಅಗತ್ಯವೂ ತಗ್ಗುತ್ತದೆ. ಒತ್ತಡದಿಂದಷ್ಟೇ ಶುಗರ್ ಏರಿದವರಲ್ಲಿ ಅನೇಕರು ಇನ್ಸುಲಿನ್ ಇಲ್ಲದೆಯೇ ಮನೆಗೆ ಹೋಗುತ್ತಾರೆ.

ಚರ್ಮದ ಕೆಳಗೆ ಚುಚ್ಚುವ ಬದಲು ಪಂಪಿನಲ್ಲಿ ಏಕೆ?

ರಕ್ತದೊತ್ತಡ ಬಿದ್ದಿರುವಾಗ, ಚರ್ಮ ಊದಿಕೊಂಡಿರುವಾಗ ಚುಚ್ಚಿದ ಇನ್ಸುಲಿನ್ ಯಾವಾಗ ರಕ್ತಕ್ಕೆ ಸೇರುತ್ತದೆಂದು ಹೇಳಲಾಗದು. ರಕ್ತನಾಳಕ್ಕೆ ನೇರ ಹೋಗುವ ಇನ್ಸುಲಿನ್ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ನಿಲ್ಲಿಸಿದರೆ ಬೇಗ ಇಳಿಯುತ್ತದೆ.

ತಯಾರಿ ಹೀಗೆ: 50 ಮಿಲಿಲೀಟರ್ ಸಲೈನ್‌ನಲ್ಲಿ 50 ಯೂನಿಟ್ ಸಾಮಾನ್ಯ ಇನ್ಸುಲಿನ್. ಒಂದು ಮಿಲಿಗೆ ಒಂದು ಯೂನಿಟ್, ಲೆಕ್ಕ ಸುಲಭ. ಇನ್ಸುಲಿನ್ ಪ್ಲಾಸ್ಟಿಕ್ ನಳಿಕೆಗೆ ಅಂಟಿಕೊಳ್ಳುವ ಗುಣದ್ದು. ಅದಕ್ಕೇ ಮೊದಲ 20 ಮಿಲಿಯಷ್ಟು ಹರಿಸಿ ಚೆಲ್ಲುತ್ತೇವೆ. ನೋಡಿದವರಿಗೆ ವ್ಯರ್ಥ ಮಾಡಿದಂತೆ ಕಾಣುತ್ತದೆ.

ನಮ್ಮ ದೇಶಕ್ಕೆ ಸೇರಿದ ಒಂದು ಅಪಾಯ ಇಲ್ಲಿದೆ. ಇಲ್ಲಿ ಇನ್ಸುಲಿನ್ ಸೀಸೆ ಎರಡು ಬಲದಲ್ಲಿ ಸಿಗುತ್ತದೆ, ಮಿಲಿಗೆ 40 ಯೂನಿಟ್ ಮತ್ತು ಮಿಲಿಗೆ 100 ಯೂನಿಟ್. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ. 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ಹೋಗುತ್ತದೆ. ಅದಕ್ಕೇ ಸೀಸೆಯ ಲೇಬಲ್ಲನ್ನು ಇಬ್ಬರು ದಾದಿಯರು ಗಟ್ಟಿಯಾಗಿ ಓದಿ ಸಹಿ ಹಾಕುತ್ತಾರೆ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಈಗಲೇ ಎದ್ದು ತಮ್ಮ ಸೀಸೆ ಮತ್ತು ಸಿರಿಂಜನ್ನು ಒಮ್ಮೆ ಹೊಂದಿಸಿ ನೋಡಲಿ.

ಗಂಟೆಗೊಮ್ಮೆ ರಕ್ತ ತೆಗೆಯಲೇಬೇಕೇ? ಬೆರಳುಗಳೆಲ್ಲ ಕಪ್ಪಾಗಿವೆ.

ಪಂಪ್ ಓಡುತ್ತಿರುವವರೆಗೆ ಬೇಕು. ಸ್ಥಿರವಾದ ಮೇಲೆ ಅಂತರ ಹೆಚ್ಚಿಸುತ್ತೇವೆ. ಆದರೆ ಬೆರಳಿನಿಂದಲೇ ತೆಗೆಯಬೇಕೆಂದಿಲ್ಲ. ಶಾಕ್‌ನಲ್ಲಿರುವವರ, ಕೈ ಊದಿದವರ ಬೆರಳಿನ ರಕ್ತ ಸರಿಯಾದ ಸಂಖ್ಯೆ ಕೊಡುವುದಿಲ್ಲ. ಅಪಧಮನಿಯಲ್ಲಿ ನಳಿಕೆ ಇದ್ದರೆ ಅಲ್ಲಿಂದ ತೆಗೆದು ಬ್ಲಡ್ ಗ್ಯಾಸ್ ಯಂತ್ರದಲ್ಲಿ ನೋಡುವುದು ಹೆಚ್ಚು ನಂಬಿಕಸ್ಥ.

ಮೀಟರ್ ತಪ್ಪು ಹೇಳುವ ಸಂದರ್ಭಗಳು ಬೇರೆಯೂ ಇವೆ. ರಕ್ತಹೀನತೆ ತೀವ್ರವಾಗಿದ್ದರೆ ಅನೇಕ ಮೀಟರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಇದು ಅಪಾಯದ ದಿಕ್ಕಿನ ತಪ್ಪು: ಹೆಚ್ಚಿದೆ ಎಂದು ಇನ್ಸುಲಿನ್ ಏರಿಸುತ್ತೇವೆ, ನಿಜದಲ್ಲಿ ಅದು ಕಡಿಮೆಯಿರುತ್ತದೆ. ಡೆಕ್ಸ್‌ಟ್ರೋಸ್ ಓಡುತ್ತಿರುವ ಕೈಯಿಂದಲೇ ರಕ್ತ ತೆಗೆದರೂ ಹೀಗೇ. ಹಣ್ಣು ಸುಲಿದು ಬಂದ ಬೆರಳು ತೊಳೆಯದೆ ಪರೀಕ್ಷಿಸಿ 280 ಕಂಡು ಗಾಬರಿಯಾದವರನ್ನು ಸಾಮಾನ್ಯ ವಾರ್ಡಿನಲ್ಲೂ ನೋಡಿದ್ದೇನೆ.

ತೋಳಿಗೆ ಅಂಟಿಸುವ ಸೆನ್ಸರ್ ಇದೆಯಲ್ಲ, ಅದನ್ನೇ ನೋಡಬಾರದೇ?

ಬಂದಿರುವವರು ಅದನ್ನು ಹಾಕಿಕೊಂಡಿದ್ದರೆ ತೆಗೆಯುವುದಿಲ್ಲ; ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಉಪಯೋಗ. ಆದರೆ ಅದು ಅಳೆಯುವುದು ಚರ್ಮದ ಕೆಳಗಿನ ದ್ರವವನ್ನು. ರಕ್ತಸಂಚಾರ ಕುಂದಿದಾಗ ಅದೊಂದನ್ನೇ ನಂಬಿ ಇನ್ಸುಲಿನ್ ಬದಲಿಸುವುದಿಲ್ಲ.

ಒಂದು ಕಡೆ ಇನ್ಸುಲಿನ್, ಇನ್ನೊಂದು ಕಡೆ ಗ್ಲುಕೋಸ್ ಬಾಟಲಿ. ಇದೆಂಥ ಚಿಕಿತ್ಸೆ?

ಕೀಟೋಆಮ್ಲತೆಗೆ ದಾಖಲಾದವರ ಮನೆಯವರಿಗೆ ಇದು ಖಂಡಿತ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ನಿಜವಾದ ಶತ್ರು ಸಕ್ಕರೆಯಲ್ಲ, ಇನ್ಸುಲಿನ್ ಇಲ್ಲದೆ ಕೊಬ್ಬು ಉರಿದು ಬಂದ ಆಮ್ಲ. ಇನ್ಸುಲಿನ್ ಕೊಟ್ಟಾಗ ಶುಗರ್ ಮೊದಲು ಇಳಿಯುತ್ತದೆ, ಆಮ್ಲ ತಡವಾಗಿ ಕರಗುತ್ತದೆ. ಶುಗರ್ 250ರ ಹತ್ತಿರ ಬಂತೆಂದು ಇನ್ಸುಲಿನ್ ನಿಲ್ಲಿಸಿದರೆ ಆಮ್ಲ ಮತ್ತೆ ಏರುತ್ತದೆ. ಆದ್ದರಿಂದ ಇನ್ಸುಲಿನ್ ಮುಂದುವರಿಸಲೆಂದೇ ಗ್ಲುಕೋಸ್ ಸೇರಿಸುತ್ತೇವೆ.

ಇದರ ಜೊತೆ ಪೊಟ್ಯಾಸಿಯಂ ಕೂಡ ಕೊಡುತ್ತಿರುವುದನ್ನು ಗಮನಿಸಿರಬಹುದು. ಇನ್ಸುಲಿನ್ ಸಕ್ಕರೆಯ ಜೊತೆಗೆ ಪೊಟ್ಯಾಸಿಯಂ ಅನ್ನೂ ಜೀವಕೋಶದೊಳಕ್ಕೆ ತಳ್ಳುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3.5 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ಮೊದಲು ಅದನ್ನು ತುಂಬಿ, ಆಮೇಲೆ ಇನ್ಸುಲಿನ್. ಇಲ್ಲವಾದರೆ ಹೃದಯದ ಲಯ ತಪ್ಪುತ್ತದೆ.

ಪಾರ್ಶ್ವವಾಯು ಆದವರಿಗೆ ಬಿಗಿಯಾಗಿ ಹಿಡಿಯಬೇಕಂತೆ?

2019ರ ಶೈನ್ ಅಧ್ಯಯನ 1151 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿತು. 80ರಿಂದ 130ರೊಳಗೆ ಹಿಡಿದವರ ಚೇತರಿಕೆ 180ರ ಒಳಗಿದ್ದವರಿಗಿಂತ ಉತ್ತಮವಾಗಲಿಲ್ಲ. ಕುಸಿತದ ಅಪಾಯ ಮಾತ್ರ ಹೆಚ್ಚಿತು.

ಮಕ್ಕಳಿಗೆ?

ಮಕ್ಕಳ ಐಸಿಯುನಲ್ಲೂ ಬಿಗಿ ಹಿಡಿತದಿಂದ ಲಾಭ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಹಾಫ್-ಪಿಂಟ್ ಅಧ್ಯಯನವನ್ನು ಅದೇ ಕಾರಣಕ್ಕೆ ಮುಂಚಿತವಾಗಿ ನಿಲ್ಲಿಸಿದರು.

ಮನೆಯಿಂದ ರಾಗಿ ಗಂಜಿ, ಎಳನೀರು ತಂದಿದ್ದೇವೆ. ನಳಿಕೆಯಲ್ಲಿ ಹಾಕಬಹುದೇ?

ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲು ನನಗೂ ಕಷ್ಟ. ಆದರೆ ಕೇಳದೆ ಹಾಕಬೇಡಿ, ದಾದಿಯ ಕಣ್ಣು ತಪ್ಪಿಸಿ ಎರಡು ಚಮಚವನ್ನೂ ಕುಡಿಸಬೇಡಿ. ಪಂಪಿನ ವೇಗ ನಳಿಕೆಯಲ್ಲಿ ಹೋಗುವ ಆಹಾರಕ್ಕೆ ಹೊಂದಿಸಿದ್ದು. ಲೆಕ್ಕಕ್ಕೆ ಬಾರದ ಗಂಜಿ ಹೋದರೆ ಶುಗರ್ ಏರುತ್ತದೆ. ನಾವು ಕಾರಣ ತಿಳಿಯದೆ ಇನ್ಸುಲಿನ್ ಏರಿಸುತ್ತೇವೆ. ಮುಂದಿನ ಗಂಟೆ ಗಂಜಿ ಇರುವುದಿಲ್ಲ, ಇನ್ಸುಲಿನ್ ಇರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಸೋತವರಿಗೆ ಅದು ವಿಷವಾಗಬಹುದು. ಆಹಾರತಜ್ಞರನ್ನು ಕೇಳಿ. ರಾಗಿ ಗಂಜಿಯನ್ನು ತೆಳುವಾಗಿ ಸೋಸಿ, ಅಳತೆ ಮಾಡಿ, ಹೊತ್ತಿಗೆ ಸರಿಯಾಗಿ ಕೊಡಲು ಒಪ್ಪುವ ವಾರ್ಡ್‌ಗಳಿವೆ.

ಲಂಡನ್ನಿನಲ್ಲಿರುವ ಮಗ ಫೋನ್ ಮಾಡಿ '9.4 ಇದೆಯೇ' ಎಂದು ಕೇಳುತ್ತಾನೆ. ಏನು ಹೇಳಲಿ?

ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮಿಲಿಮೋಲ್ ಲೆಕ್ಕ. ಅವನ ಸಂಖ್ಯೆಯನ್ನು 18ರಿಂದ ಗುಣಿಸಿ, 9.4 ಎಂದರೆ 169. ನಮ್ಮ 180 ಅವನಿಗೆ 10.

ವಾರ್ಡಿಗೆ ಬದಲಿಸುತ್ತೇವೆ ಎಂದಿದ್ದಾರೆ. ಪಂಪ್ ತೆಗೆದರೆ ಮತ್ತೆ ಏರುವುದಿಲ್ಲವೇ?

ಹಾಗಾಗದಿರಲೆಂದು ಪಂಪ್ ನಿಲ್ಲಿಸುವ ಕೆಲವು ಗಂಟೆ ಮೊದಲೇ ದೀರ್ಘಕಾಲದ ಇನ್ಸುಲಿನನ್ನು ಚರ್ಮದ ಕೆಳಗೆ ಕೊಡುತ್ತೇವೆ, ಏಕೆಂದರೆ ಅದು ನಿಧಾನವಾಗಿ ಕೆಲಸ ಶುರು ಮಾಡುತ್ತದೆ. ಈ ಹಸ್ತಾಂತರದ ದಿನ ನೀವು ಒಂದು ಪ್ರಶ್ನೆ ಕೇಳಿ: 'ಕೊನೆಯ ಇನ್ಸುಲಿನ್ ಎಷ್ಟು ಗಂಟೆಗೆ, ಎಷ್ಟು ಯೂನಿಟ್ ಕೊಟ್ಟಿರಿ?' ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡು ವಾರ್ಡಿನ ದಾದಿಗೆ ತೋರಿಸಿ. ಪಾಳಿ ಬದಲಾಗುವ ಹೊತ್ತಿನಲ್ಲಿ ಆ ಚೀಟಿ ಬಹಳ ಉಪಕಾರಿ. ಸ್ಟೀರಾಯ್ಡ್ ಕಡಿಮೆ ಮಾಡುತ್ತಿದ್ದರೆ ಅದನ್ನೂ ಕೇಳಿಕೊಳ್ಳಿ. ಸ್ಟೀರಾಯ್ಡ್ ಇಳಿದಾಗ ಇನ್ಸುಲಿನ್ ಇಳಿಸದಿದ್ದರೆ ಶುಗರ್ ಕುಸಿಯುತ್ತದೆ.

ಮನೆಗೆ ಬಂದ ಮೇಲೆ ಶುಗರ್ ಸರಿಯಾಗಿದೆ. ಇನ್ನು ಪರೀಕ್ಷೆ ಬೇಡವೇ?

ಬೇಕು. ಒತ್ತಡದಲ್ಲಿ ಶುಗರ್ ಏರಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಮೂರು ತಿಂಗಳಾದ ಮೇಲೆ ಒಂದು ಸಲ ಎಚ್‌ಬಿಎ1ಸಿ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ರಕ್ತ ಏರಿಸಿದ್ದರೆ ಆ ದಿನಾಂಕವನ್ನೂ ವೈದ್ಯರಿಗೆ ತಿಳಿಸಿ. ಬಿಡುಗಡೆಯ ಸಾರಾಂಶದ ಹಾಳೆಯಲ್ಲಿ ಐಸಿಯುನಲ್ಲಿ ಶುಗರ್ ಏರಿತ್ತೆಂದು ಬರೆದಿದೆಯೇ ನೋಡಿ; ಬರೆದಿಲ್ಲದಿದ್ದರೆ ಆಸ್ಪತ್ರೆಯಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ.